ಪ್ಯಾರಾಮೋಟರ್ ಕೊಳ್ಳುವ ಮುಂಚೆ: ಮೊದಲು ಕಲಿಕೆ, ಆಮೇಲೆ ರೆಕ್ಕೆ, ಕೊನೆಗೆ ಎಂಜಿನ್

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯವನು. ವಯಸ್ಸು 33, ತೂಕ 82 ಕೆಜಿ. ಬೈಕ್ ರಿಪೇರಿ ಗ್ಯಾರೇಜ್ ಇದೆ. ಟೂ-ಸ್ಟ್ರೋಕ್ ಎಂಜಿನ್ ಬಿಚ್ಚಿ ಜೋಡಿಸುವುದು ಚೆನ್ನಾಗಿ ಗೊತ್ತು. ಬೆನ್ನಿಗೆ ಮೋಟಾರ್ ಕಟ್ಟಿಕೊಂಡು ಹಾರುವ ಪ್ಯಾರಾಮೋಟರ್ ಕಲಿಯಬೇಕೆಂಬ ಆಸೆ ತುಂಬಾ ದಿನದಿಂದ ಇದೆ. ಈಗ ಒಬ್ಬರು ಹಳೆಯ ಸೆಟ್ ಮಾರುತ್ತಿದ್ದಾರೆ. 185 ಸಿಸಿ ಮೋಟಾರ್, 24 ಚದರ ಮೀಟರ್ ರೆಕ್ಕೆ, ಎರಡೂ ಎಂಟು ವರ್ಷ ಹಳೆಯವು. ಕೊಳ್ಳಬಹುದಾ? ವಿಡಿಯೊ ನೋಡಿಕೊಂಡು ನಮ್ಮ ಮಾವನ ಹೊಲದಲ್ಲೇ ಕಲಿಯಬಹುದಾ?

ಉತ್ತರ: ಎರಡಕ್ಕೂ ನನ್ನ ಉತ್ತರ ಬೇಡ ಅಂತಲೇ. ಆದರೆ ನಿಮ್ಮ ಆಸೆ ಒಳ್ಳೆಯದು, ಅದನ್ನು ಬಿಡಬೇಡಿ. ಪ್ಯಾರಾಮೋಟರ್‌ಗೆ ಬೆಟ್ಟ ಬೇಕಿಲ್ಲ, ಸಮತಟ್ಟಾದ ಜಾಗ ಸಾಕು. ನಿಮ್ಮ ಕಡೆ ಅದಕ್ಕೆ ಕೊರತೆ ಇಲ್ಲ. ಕೊಳ್ಳುವ ಕ್ರಮವನ್ನು ಮಾತ್ರ ತಿರುಗಿಸಬೇಕು.

ಹೊಸಬರು ಹೆಚ್ಚಿನವರು ಎಂಜಿನ್‌ನಿಂದ ಶುರು ಮಾಡುತ್ತಾರೆ. ಕಣ್ಣಿಗೆ ಕಾಣುವುದು, ಸದ್ದು ಮಾಡುವುದು ಅದೇ ಅಲ್ವಾ. ನೀವಂತೂ ಮೆಕ್ಯಾನಿಕ್, ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ನಿಮ್ಮನ್ನು ಗಾಳಿಯಲ್ಲಿ ಹಿಡಿದಿಡುವುದು ತಲೆಯ ಮೇಲಿನ ಬಟ್ಟೆಯ ರೆಕ್ಕೆ. ಎಂಜಿನ್ ಮುಂದಕ್ಕೆ ತಳ್ಳುತ್ತದೆ, ಅಷ್ಟೇ. ಅದು ನಿಂತರೂ ನೀವು ಬೀಳುವುದಿಲ್ಲ, ತೇಲಿಕೊಂಡು ಇಳಿಯುತ್ತೀರಿ. ಗಾಳಿ ಇಲ್ಲದಿದ್ದರೆ 100 ಮೀಟರ್ ಎತ್ತರದಿಂದ ಸುಮಾರು 500 ಮೀಟರ್ ದೂರ ಹೋಗಬಹುದು. ರೆಕ್ಕೆ ಕೈಕೊಟ್ಟರೆ ಮಾತ್ರ ಎಂಥ ಎಂಜಿನ್ ಇದ್ದರೂ ಉಪಯೋಗವಿಲ್ಲ. ಅದಕ್ಕೇ ದುಡ್ಡು ಮೊದಲು ಕಲಿಕೆಗೆ ಹೋಗಲಿ, ಆಮೇಲೆ ರೆಕ್ಕೆಗೆ, ಉಳಿದದ್ದು ಎಂಜಿನ್‌ಗೆ.

ವಿಡಿಯೊ ನೋಡಿ ಯಾಕೆ ಕಲಿಯಲಾಗದು? ಕಾರ್ಬ್ಯುರೇಟರ್ ಟ್ಯೂನ್ ಮಾಡುವುದನ್ನು ನೀವು ಪುಸ್ತಕ ಓದಿ ಕಲಿಯಲಿಲ್ಲ, ಕಿವಿಯಿಂದ ಕಲಿತಿರಿ. ರೆಕ್ಕೆಯನ್ನು ಹಾಗೇ ಕೈಯಿಂದ, ಸೊಂಟದಿಂದ ಕಲಿಯಬೇಕು. ನೆಲದ ಮೇಲೆ ನಿಂತು ರೆಕ್ಕೆಯನ್ನು ಗಾಳಿಗೆ ಎಬ್ಬಿಸಿ, ತಲೆಯ ಮೇಲೆ ನಿಲ್ಲಿಸಿ, ಅದು ಎಡಕ್ಕೆ ವಾಲಿದಾಗ ಅದರ ಅಡಿಗೆ ಓಡಿ ಸರಿಪಡಿಸುವುದಕ್ಕೆ ಗ್ರೌಂಡ್ ಹ್ಯಾಂಡ್ಲಿಂಗ್ ಎನ್ನುತ್ತಾರೆ. ಇದರಲ್ಲಿ ಎಂಜಿನ್ ಇಲ್ಲ, ಹಾರಾಟವೂ ಇಲ್ಲ. ಆದರೆ ಟೇಕಾಫ್ ಕೆಡುವುದು ಹೆಚ್ಚಾಗಿ ಇಲ್ಲೇ. ಬೆನ್ನ ಮೇಲೆ 30 ಕೆಜಿ ಭಾರ, ಹಿಂದೆ ತಿರುಗುವ ಪ್ರೊಪೆಲ್ಲರ್. ರೆಕ್ಕೆ ಒಂದು ಬದಿಗೆ ಎಳೆಯುತ್ತಿರುವಾಗ ಏನು ಮಾಡಬೇಕು ಎಂದು ಯೋಚಿಸುತ್ತಾ ನಿಲ್ಲಲು ಸಮಯವೇ ಇರುವುದಿಲ್ಲ. ಕೈ ತಾನಾಗಿ ಕೆಲಸ ಮಾಡಬೇಕು. ರೆಕ್ಕೆಯನ್ನು ನೋಡದೆಯೇ ಅದು ಎಲ್ಲಿದೆ ಎಂದು ಹೇಳುವ ಮಟ್ಟಕ್ಕೆ ಬಂದ ಮೇಲೆ ಮೋಟಾರ್ ಹೊರಿ.

ನಿಮ್ಮ ಕಡೆ ಇನ್ನೊಂದು ವಿಷಯ ಇದೆ. ಹಾರಲು ಒಳ್ಳೆಯ ಹೊತ್ತು ಚಳಿಗಾಲದ ಬೆಳಗ್ಗೆ. ಆಗ ನೆಲದ ಮೇಲೆ ಗಾಳಿಯೇ ಇರುವುದಿಲ್ಲ. ಗಾಳಿ ಇಲ್ಲದಿದ್ದರೆ ರೆಕ್ಕೆಗೆ ಬೆನ್ನು ಹಾಕಿ, ಓಡಿಯೇ ಅದನ್ನು ಎಬ್ಬಿಸಬೇಕು. ಇದು ಫಾರ್ವರ್ಡ್ ಲಾಂಚ್. ಗಾಳಿ ಇದ್ದಾಗ ರೆಕ್ಕೆಯತ್ತ ಮುಖ ಮಾಡಿ ಎಬ್ಬಿಸುವ ರಿವರ್ಸ್ ಲಾಂಚ್‌ಗಿಂತ ಇದು ಕಷ್ಟ. ಸಮುದ್ರದ ದಂಡೆಯ ಹದವಾದ ಗಾಳಿಯಲ್ಲಿ ಮಾತ್ರ ಕಲಿತವರು ಇಲ್ಲಿಗೆ ಬಂದು ಒದ್ದಾಡುವುದು ಇದಕ್ಕೇ. ಎರಡನ್ನೂ ಕಲಿಸುತ್ತೀರಾ ಎಂದು ಶಾಲೆಯವರನ್ನು ಮೊದಲೇ ಕೇಳಿ.

ಶಾಲೆ ಅಂದಾಗ ಮೊದಲು ನೆನಪಾಗುವುದು ಪುಣೆ ಬಳಿಯ ಕಾಮಶೇತ್. ದೇಶದಲ್ಲಿ ಪ್ಯಾರಾಗ್ಲೈಡಿಂಗ್ ಕಲಿಕೆಗೆ ಹೆಸರಾದ ಜಾಗಗಳಲ್ಲಿ ಅದೂ ಒಂದು. ಮಳೆಗಾಲ ಮುಗಿದ ಮೇಲೆ ಅಲ್ಲಿ ಕೋರ್ಸ್‌ಗಳು ಶುರುವಾಗುತ್ತವೆ. ಮೊದಲು ಎಂಜಿನ್ ಇಲ್ಲದ ಪ್ಯಾರಾಗ್ಲೈಡಿಂಗ್‌ನ ಆರಂಭದ ಕೋರ್ಸ್ ಮಾಡಿ, ಆಮೇಲೆ ಮೋಟಾರ್‌ಗೆ ಬನ್ನಿ ಎಂಬುದು ನನ್ನ ಸಲಹೆ. ಖರ್ಚು ಸ್ವಲ್ಪ ಜಾಸ್ತಿ. ಆದರೆ ರೆಕ್ಕೆಯ ಜ್ಞಾನ ಗಟ್ಟಿಯಾಗುತ್ತದೆ. ಮೋಟಾರ್ ಕಲಿಕೆಗೆ ಎಂಟರಿಂದ ಹನ್ನೆರಡು ದಿನ ಇಟ್ಟುಕೊಳ್ಳಿ. ಮೂರೇ ದಿನದಲ್ಲಿ ಪೈಲಟ್ ಮಾಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಮೊದಲ ಹಾರಾಟಗಳಲ್ಲಿ ಹೆಲ್ಮೆಟ್ ಒಳಗೆ ರೇಡಿಯೊ ಕೊಡುತ್ತಾರಾ? ಒಬ್ಬ ಗುರುವಿಗೆ ಎಷ್ಟು ಜನ ಶಿಷ್ಯರು? ಶಾಲೆಯದೇ ರೆಕ್ಕೆ, ಮೋಟಾರ್ ಬಳಸಲು ಬಿಡುತ್ತಾರಾ? ಕೊನೆಯದು ಮುಖ್ಯ. ಎರಡು ಮೂರು ತರಹದ ಸೆಟ್ ಹೊತ್ತು ನೋಡಿದ ಮೇಲೆ ನಿಮಗೆ ಏನು ಬೇಕೆಂಬುದು ಅರ್ಧ ಗೊತ್ತಾಗಿರುತ್ತದೆ.

ಈಗ ರೆಕ್ಕೆ. ಇಲ್ಲಿ ಲೆಕ್ಕ ಹಾಕೋಣ. ನಿಮ್ಮ ತೂಕ 82. ಬಟ್ಟೆ, ಬೂಟು, ಹೆಲ್ಮೆಟ್ ಸೇರಿ 4. ಮೋಟಾರ್ 26 ಅಂದುಕೊಳ್ಳಿ. ರಿಸರ್ವ್ ಪ್ಯಾರಾಚೂಟ್ 2. ಐದು ಲೀಟರ್ ಪೆಟ್ರೋಲ್ ಹೆಚ್ಚುಕಡಿಮೆ 4 ಕೆಜಿ. ರೆಕ್ಕೆಯದೇ 6. ಒಟ್ಟು 124 ಕೆಜಿ. ರೆಕ್ಕೆ ಹೊರಬೇಕಾದ ಈ ಪೂರ್ತಿ ಭಾರವನ್ನೇ ನೋಡಬೇಕು, ನಿಮ್ಮ ಮೈತೂಕವನ್ನಲ್ಲ. ಮಾರುವವರು ತೋರಿಸಿದ 24 ಚದರ ಮೀಟರ್ ರೆಕ್ಕೆಗೆ ಇದನ್ನು ಹಂಚಿ. ಚದರ ಮೀಟರ್‌ಗೆ 5 ಕೆಜಿಗಿಂತ ಮೇಲೆ ಬೀಳುತ್ತದೆ. ಹಾಗಾದರೆ ವೇಗ ಹೆಚ್ಚು, ಓಟ ಉದ್ದ, ಬ್ರೇಕ್ (ರೆಕ್ಕೆಯ ಹಿಂದಿನ ಅಂಚನ್ನು ಕೆಳಕ್ಕೆಳೆಯುವ ಹಗ್ಗ) ಸ್ವಲ್ಪ ಎಳೆದರೂ ಚುರುಕಾದ ತಿರುವು, ಇಳಿಯುವಾಗ ಜೋರು. ಅನುಭವಿಗಳು ಬೇಕೆಂದೇ ಇಂಥದ್ದನ್ನು ಕೊಳ್ಳುತ್ತಾರೆ. ನಿಮಗೆ ಈಗ ಬೇಕಾದದ್ದು ಚದರ ಮೀಟರ್‌ಗೆ ನಾಲ್ಕರಿಂದ ನಾಲ್ಕೂವರೆ ಕೆಜಿ ಹೊರುವ ರೆಕ್ಕೆ. ಅಂದರೆ 28 ಚದರ ಮೀಟರ್ ಆಸುಪಾಸು. ಪ್ರತಿ ರೆಕ್ಕೆಯ ಮೇಲೂ ಕಂಪನಿ ತೂಕದ ಮಿತಿ ಅಚ್ಚು ಹಾಕಿರುತ್ತದೆ. ಮೋಟಾರ್ ಜೊತೆಗೆ ಹಾರುವಾಗಿನ ಮಿತಿಯನ್ನು ಕೆಲವರು ಬೇರೆಯಾಗಿ ಕೊಟ್ಟಿರುತ್ತಾರೆ. ನಿಮ್ಮ 124 ಆ ಮಿತಿಯ ಒಳಗೆ, ಮಧ್ಯಕ್ಕಿಂತ ತುಸು ಮೇಲೆ ಬಂದರೆ ಸರಿ.

ತರಗತಿ ನೋಡಿ. ಯೂರೋಪಿನ ಇಎನ್ ಪರೀಕ್ಷೆಯಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆ ಇವೆ. ಎ ದರ್ಜೆಯ ರೆಕ್ಕೆ ಮಡಚಿಕೊಂಡರೂ ಸಾಮಾನ್ಯವಾಗಿ ತಾನಾಗಿ ತೆರೆದುಕೊಳ್ಳುತ್ತದೆ. ಮೊದಲ ರೆಕ್ಕೆ ಎ ಆಗಿರಲಿ, ಇಲ್ಲವೇ ಬಿ ದರ್ಜೆಯಲ್ಲಿ ಸೌಮ್ಯವಾದದ್ದು. ರಿಫ್ಲೆಕ್ಸ್ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಹಿಂದಿನ ಅಂಚು ಸ್ವಲ್ಪ ಮೇಲಕ್ಕೆ ಬಾಗಿದ ಆಕಾರ ಅದು. ವೇಗವಾಗಿ ಹೋಗುವಾಗ ಮುಂದಿನ ಅಂಚು ಸುಲಭವಾಗಿ ಮಡಚುವುದಿಲ್ಲ. ಒಳ್ಳೆಯ ಗುಣವೇ. ಆದರೆ ಪೂರ್ತಿ ರಿಫ್ಲೆಕ್ಸ್ ರೆಕ್ಕೆಗಳಲ್ಲಿ ಟ್ರಿಮ್ಮರ್ (ರೆಕ್ಕೆಯ ವೇಗ ಹೆಚ್ಚು ಕಡಿಮೆ ಮಾಡುವ ಪಟ್ಟಿ) ಎಲ್ಲಿದೆ, ಯಾವ ಬ್ರೇಕ್ ಯಾವಾಗ ಎಳೆಯಬಾರದು ಎಂಬ ನಿಯಮಗಳಿರುತ್ತವೆ. ಕಲಿಯುವವರ ತಲೆಗೆ ಅದು ಹೆಚ್ಚಿನ ಹೊರೆ. ಆರಂಭಿಕರಿಗೆಂದೇ ಮಾಡಿದ, ಸ್ವಲ್ಪ ಮಾತ್ರ ರಿಫ್ಲೆಕ್ಸ್ ಇರುವ ರೆಕ್ಕೆಗಳು ಸಿಗುತ್ತವೆ. ಅಂಥದ್ದೇ ಸಾಕು.

ರೆಕ್ಕೆಯ ವಯಸ್ಸಿನ ಬಗ್ಗೆ ಜನ ಎಂಟು ವರ್ಷ, ಐದು ವರ್ಷ ಎಂದು ಲೆಕ್ಕ ಹೇಳುತ್ತಾರೆ. ನಿಜವಾದ ಶತ್ರು ಬಿಸಿಲು. ನೈಲಾನ್ ಬಟ್ಟೆಯ ಮೇಲಿನ ಲೇಪನ ಬಿಸಿಲಿಗೆ ಸವೆದು ಗಾಳಿ ಸೋರಲು ಶುರುವಾಗುತ್ತದೆ. ಬಳ್ಳಾರಿ, ರಾಯಚೂರು ಬಿಸಿಲಿನಲ್ಲಿ ದಿನವಿಡೀ ಹಾಸಿಟ್ಟ ರೆಕ್ಕೆ ಬೇಗ ಹಾಳಾಗುತ್ತದೆ. ಹೊರಗೆ ನೋಡಿದರೆ ಬಣ್ಣ ಚೆನ್ನಾಗೇ ಇರಬಹುದು. ಅದಕ್ಕೇ ಪೊರೋಸಿಟಿ ಪರೀಕ್ಷೆ ಬೇಕು. ಇಷ್ಟು ಗಾಳಿ ಬಟ್ಟೆಯ ಮೂಲಕ ಹೋಗಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಒಂದು ಚಿಕ್ಕ ಯಂತ್ರ ಅಳೆಯುತ್ತದೆ. ಜೊತೆಗೆ ಬಟ್ಟೆ ಹರಿಯುವ ಬಲ ನೋಡುವ ಪರೀಕ್ಷೆಯೂ ಇದೆ.

ರೆಕ್ಕೆಯನ್ನು ನಿಮಗೆ ಜೋಡಿಸುವ ಲೈನ್‌ಗಳನ್ನು ಮರೆಯುವವರೇ ಹೆಚ್ಚು. ತೆಳ್ಳಗಿನ ಆ ದಾರಗಳ ಉದ್ದದಲ್ಲಿ ಒಂದೆರಡು ಸೆಂಟಿಮೀಟರ್ ಏರುಪೇರಾದರೂ ರೆಕ್ಕೆಯ ಸ್ವಭಾವ ಬದಲಾಗುತ್ತದೆ. ಡೈನೀಮಾ ದಾರ ಭಾರ ಬೀಳದಿದ್ದರೆ ಕುಗ್ಗುತ್ತಾ ಹೋಗುತ್ತದೆ. ಹಾರುವಾಗ ಭಾರ ಹೆಚ್ಚಾಗಿ ಮುಂದಿನ ಲೈನ್‌ಗಳ ಮೇಲೆ, ಹಿಂದಿನವುಗಳ ಮೇಲೆ ಕಡಿಮೆ. ಹಾಗಾಗಿ ಹಿಂದಿನವು ಗಿಡ್ಡವಾಗುತ್ತವೆ. ಆಗ ಯಾರೂ ಬ್ರೇಕ್ ಮುಟ್ಟದಿದ್ದರೂ ರೆಕ್ಕೆ ಸ್ವಲ್ಪ ಬ್ರೇಕ್ ಹಾಕಿಕೊಂಡೇ ಹಾರುತ್ತದೆ. ಎಬ್ಬಿಸುವಾಗ ತಲೆಯ ಮೇಲೆ ಬರದೆ ಹಿಂದೆಯೇ ನೇತಾಡುತ್ತದೆ. ಹೊಸಬ ತನ್ನ ಕೈ ಸರಿಯಿಲ್ಲ ಅಂದುಕೊಂಡು ಥ್ರಾಟಲ್ ಒತ್ತುತ್ತಾನೆ. ರೆಕ್ಕೆ ಸ್ಟಾಲ್ ಆಗುವುದು, ಅಂದರೆ ಎತ್ತುವ ಬಲ ಕಳೆದುಕೊಳ್ಳುವುದು ಹೀಗೆಯೇ. ಮಾರುವವರು ಲೈನ್ ಅಳತೆಯ ವರದಿ ಕೊಡದಿದ್ದರೆ ಆ ರೆಕ್ಕೆಗೆ ಬೆಲೆಯೇ ಕಟ್ಟಬೇಡಿ.

ನಮ್ಮ ನೆಲದ ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಳ್ಳಾರಿ ಜಾಲಿ. ಖಾಲಿ ಬಿದ್ದ ಹೊಲ, ಕಾಲುವೆ ದಂಡೆ, ರಸ್ತೆ ಬದಿ ಎಲ್ಲ ಕಡೆ ಹಬ್ಬಿದೆ. ಗಿಡ ಕಡಿದ ಮೇಲೂ ಒಣಮುಳ್ಳು ಮಣ್ಣಲ್ಲಿ ಉಳಿದಿರುತ್ತದೆ. ರೆಕ್ಕೆ ಹಾಸುವ ಜಾಗವನ್ನು ಮೊದಲು ಗುಡಿಸಿ. ದೊಡ್ಡ ತಾಡಪಾಲು ಹಾಸಿಕೊಂಡರೆ ಇನ್ನೂ ಒಳ್ಳೆಯದು. ಮುಳ್ಳಿಗೆ ಸಿಕ್ಕ ಲೈನ್ ಎಳೆದು ಬಿಡಿಸಬೇಡಿ, ಕೂತು ಒಂದೊಂದಾಗಿ ಬಿಡಿಸಿ. ಒದ್ದೆ ರೆಕ್ಕೆಯನ್ನು ನೆರಳಲ್ಲಿ ಒಣಗಿಸಿಯೇ ಮಡಚಿ.

ಎಂಜಿನ್‌ಗೆ ಬರೋಣ. ಇಲ್ಲಿ ಅಳತೆ ಸಿಸಿ ಅಲ್ಲ, ತಳ್ಳುವ ಬಲ. ಅದನ್ನು ಕೆಜಿಯಲ್ಲಿ ಹೇಳುತ್ತಾರೆ. 80 ಸಿಸಿ ಎಂಜಿನ್‌ಗಳು 55ರಿಂದ 60 ಕೆಜಿ ತಳ್ಳುತ್ತವೆ. ಇಟಲಿಯ ವಿಟ್ಟೊರಾಜಿ ಕಂಪನಿಯ ಮೋಸ್ಟರ್ 185ರಂಥವು 75 ಕೆಜಿ ಆಸುಪಾಸು. ನಿಮ್ಮ 124 ಕೆಜಿಯನ್ನು ಒಂದೇ ಎತ್ತರದಲ್ಲಿ ಹಾರಿಸಲು 20ರಿಂದ 25 ಕೆಜಿ ಬಲ ಸಾಕು. ಮಿಕ್ಕಿದ್ದು ಮೇಲೇರಲು. ಹಾಗಾದರೆ 80 ಸಿಸಿಯೇ ಸಾಕಲ್ವಾ? 65 ಕೆಜಿ ತೂಕದವರಿಗೆ ಖಂಡಿತ ಸಾಕು. ನಿಮಗೆ ಚಳಿಗಾಲದ ಬೆಳಗ್ಗೆ ಸಾಕು, ಬೇಸಿಗೆಯಲ್ಲಿ ಇಲ್ಲ. ಕಾರಣ ಬಿಸಿ. ನಿಮ್ಮೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲಿದೆ. 35 ಡಿಗ್ರಿ ಸೆಕೆಯಲ್ಲಿ ಅಲ್ಲಿನ ಗಾಳಿ, ಎಂಜಿನ್ ಕಂಪನಿಗಳು ಲೆಕ್ಕ ಹಾಕುವ 15 ಡಿಗ್ರಿಯ ಸಮುದ್ರಮಟ್ಟದ ಗಾಳಿಗಿಂತ ಹತ್ತು ಪರ್ಸೆಂಟ್‌ನಷ್ಟು ತೆಳು. ಎಂಜಿನ್‌ಗೆ ಉಸಿರು ಕಡಿಮೆ, ಪ್ರೊಪೆಲ್ಲರ್‌ಗೆ ಹಿಡಿತ ಕಡಿಮೆ, ರೆಕ್ಕೆ ಎತ್ತಲು ಇನ್ನೂ ಜೋರಾಗಿ ಓಡಬೇಕು. ಮೂರೂ ಒಟ್ಟಿಗೆ ಬರುತ್ತವೆ. ಹಾಗಾಗಿ ನಿಮ್ಮ ತೂಕಕ್ಕೆ 65ರಿಂದ 75 ಕೆಜಿ ಬಲ ಸರಿಯಾದ ಆಯ್ಕೆ.

ಅದಕ್ಕಿಂತ ಮೇಲೆ ಹೋಗಬೇಡಿ. ಬಲ ಹೆಚ್ಚಾದಷ್ಟೂ ಪ್ರೊಪೆಲ್ಲರ್ ನಿಮ್ಮನ್ನು ಎದುರು ದಿಕ್ಕಿಗೆ ತಿರುಚುತ್ತದೆ. ಟೇಕಾಫ್ ಹೊತ್ತಿಗೆ ಒಮ್ಮೆಲೇ ಪೂರ್ತಿ ಥ್ರಾಟಲ್ ಒತ್ತಿದರೆ ರೆಕ್ಕೆ ಒಂದು ಕಡೆ, ನೀವು ಒಂದು ಕಡೆ ಆಗುತ್ತೀರಿ. ಸೆಂಟ್ರಿಫ್ಯೂಗಲ್ ಕ್ಲಚ್ ಇರುವ ಮೋಟಾರ್ ಆರಿಸಿ. ಐಡಲ್‌ನಲ್ಲಿ ಪ್ರೊಪೆಲ್ಲರ್ ತಿರುಗುವುದಿಲ್ಲ. ನೆಲದ ಮೇಲೆ ಇದು ದೊಡ್ಡ ರಕ್ಷಣೆ.

ಮೆಕ್ಯಾನಿಕ್ ಆದ ನಿಮಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಈ ಕ್ರೀಡೆಯಲ್ಲಿ ಕೈಬೆರಳು, ಮುಂಗೈ ಕಳೆದುಕೊಂಡವರಲ್ಲಿ ಬಹಳ ಜನ ಗಾಳಿಯಲ್ಲಿ ಇರಲಿಲ್ಲ. ನೆಲದ ಮೇಲೆ ಎಂಜಿನ್ ಸ್ಟಾರ್ಟ್ ಮಾಡುವಾಗ, ಟ್ಯೂನ್ ಮಾಡುವಾಗ ಆದದ್ದು. 125 ಸೆಂಟಿಮೀಟರ್ ಪ್ರೊಪೆಲ್ಲರ್‌ನ ತುದಿ ಪೂರ್ತಿ ವೇಗದಲ್ಲಿ ಗಂಟೆಗೆ 600 ಕಿಲೋಮೀಟರ್ ದಾಟುತ್ತದೆ. ಕೇಬಲ್ ಸಿಕ್ಕಿಕೊಂಡು ಸ್ಟಾರ್ಟ್ ಆದ ಕೂಡಲೇ ಎಂಜಿನ್ ಪೂರ್ತಿ ಎದ್ದರೆ ಒಂದು ಕೈಯಲ್ಲಿ ಹಿಡಿದು ನಿಲ್ಲಿಸಲಾಗದು. ಪ್ರೊಪೆಲ್ಲರ್ ಸುತ್ತಲಿನ ಕೇಜ್‌ನ ಬಲೆ ಕೈಯನ್ನು ತಡೆಯುತ್ತದೆ ಅಂತ ನಂಬಬೇಡಿ. ಬೈಕ್ ಎಂಜಿನ್ ಹತ್ತಿರ ಕೈ ಹಾಕುವ ನಿಮ್ಮ ರೂಢಿ ಇಲ್ಲಿ ಅಪಾಯ. ಎಂಜಿನ್ ಓಡಿಸದೆ ಮಾಡುವ ಕೆಲಸಕ್ಕೆ ಪ್ರೊಪೆಲ್ಲರ್ ಬಿಚ್ಚಿಡಿ. ಓಡಿಸಿ ಟ್ಯೂನ್ ಮಾಡುವಾಗ ಫ್ರೇಮನ್ನು ಗಟ್ಟಿ ಕಂಬಕ್ಕೆ ಕಟ್ಟಿ. ಮಕ್ಕಳನ್ನು, ಮೊಬೈಲ್ ಹಿಡಿದು ಹತ್ತಿರ ಬರುವ ಗೆಳೆಯರನ್ನು ಪ್ರೊಪೆಲ್ಲರ್ ತಿರುಗುವ ಸಮತಲದಲ್ಲಿ ನಿಲ್ಲಲು ಬಿಡಬೇಡಿ.

ನಿಮ್ಮ ವಿದ್ಯೆ ನಿಜವಾಗಿ ಕೈಹಿಡಿಯುವುದು ಹಳೆಯ ಎಂಜಿನ್ ಪರೀಕ್ಷಿಸುವಾಗ. ಕಂಪ್ರೆಷನ್, ಪಿಸ್ಟನ್ ರಿಂಗ್ ನಿಮಗೆ ಹೇಳಬೇಕಿಲ್ಲ. ಇಲ್ಲಿ ಹೆಚ್ಚುವರಿಯಾಗಿ ನೋಡಬೇಕಾದದ್ದು ಕಂಪನದಿಂದ ಬರುವ ಬಿರುಕು. ಸೈಲೆನ್ಸರ್ ಬ್ರಾಕೆಟ್, ರಬ್ಬರ್ ಮೌಂಟ್, ಫ್ರೇಮಿನ ಬೆಸುಗೆ, ಹಾರ್ನೆಸ್ (ನೀವು ಕೂರುವ ಬೆಲ್ಟಿನ ಆಸನ) ನೇತಾಡುವ ತೋಳುಗಳು. ಪ್ರೊಪೆಲ್ಲರ್‌ನಲ್ಲಿ ಕೂದಲೆಳೆಯ ಸೀಳು ಇದ್ದರೂ ಬೇಡ. ಕೇಜ್ ಹಿಡಿದು ಒಳಕ್ಕೆ ಒತ್ತಿ ನೋಡಿ, ಬಾಗಿ ಪ್ರೊಪೆಲ್ಲರ್‌ಗೆ ತಾಕುವಂತಿದ್ದರೆ ಅದನ್ನೂ ಬಿಡಿ. ಪೆಟ್ರೋಲ್ ಬಗ್ಗೆ ಇಷ್ಟು: ನಮ್ಮ ಬಂಕ್‌ಗಳ ಪೆಟ್ರೋಲ್‌ನಲ್ಲಿ ಈಗ ಎಥನಾಲ್ ಇದೆ, ಅದು ತೇವ ಹೀರುತ್ತದೆ, ಕಾರ್ಬ್ಯುರೇಟರ್ ಡಯಾಫ್ರಾಮ್ ಕೆಡಿಸುತ್ತದೆ. ಆಯಿಲ್ ಬೆರೆಸಿದ ಪೆಟ್ರೋಲ್ ವಾರಗಟ್ಟಲೆ ಟ್ಯಾಂಕ್‌ನಲ್ಲಿ ಇಡಬೇಡಿ. ಆಯಿಲ್ ಪ್ರಮಾಣ ಸಾಮಾನ್ಯವಾಗಿ ಎರಡರಿಂದ ಎರಡೂವರೆ ಪರ್ಸೆಂಟ್, ಆದರೆ ನಿಮ್ಮ ಎಂಜಿನ್‌ನ ಮ್ಯಾನುಯಲ್ ಹೇಳಿದ್ದೇ ಕೊನೆ. ಗಂಟೆಗೆ ಮೂರ್ನಾಲ್ಕು ಲೀಟರ್ ಕುಡಿಯುತ್ತದೆ.

ಬೆಲೆ ಕೇಳಿದರೆ, ಯೂರೋಪಿನಲ್ಲಿ ಹೊಸ ಮೋಟಾರ್ 6ರಿಂದ 9 ಸಾವಿರ ಯೂರೋ, ಹೊಸ ರೆಕ್ಕೆ 2,500ರಿಂದ 4 ಸಾವಿರ. ಸಾಗಣೆ, ಸುಂಕ ಮೇಲೆ. ಹಾಗಾಗಿ ಹಳೆಯದು ಕೊಳ್ಳುವ ಯೋಚನೆಯಲ್ಲಿ ತಪ್ಪಿಲ್ಲ. ಮೋಟಾರ್ ಹಳೆಯದಿರಲಿ, ನೀವೇ ರಿಪೇರಿ ಮಾಡಿಕೊಳ್ಳುತ್ತೀರಿ. ರೆಕ್ಕೆ ಮಾತ್ರ ಹೊಸದಿರಲಿ, ಇಲ್ಲವೇ ಪರೀಕ್ಷೆ ಪಾಸಾದದ್ದಿರಲಿ.

ರಿಸರ್ವ್ ಪ್ಯಾರಾಚೂಟ್ ಬೇಕೇ ಬೇಕು. ಅದನ್ನೂ 124 ಕೆಜಿಗೆ ಹೊಂದುವಂತೆ ಆರಿಸಿ, ವರ್ಷಕ್ಕೊಮ್ಮೆಯಾದರೂ ತಿಳಿದವರ ಕೈಯಿಂದ ಬಿಚ್ಚಿ ಮಡಚಿಸಿ. ಹೆಲ್ಮೆಟ್ ಹಾರಾಟಕ್ಕೆಂದೇ ಮಾಡಿದ್ದು, ಕಿವಿಗೆ ರಕ್ಷಣೆ ಇರುವಂಥದ್ದು. ಹಿಮ್ಮಡಿಗಂಟು ಮುಚ್ಚುವ ಬೂಟು.

ನೀರಿನ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಪ್ಯಾರಾಮೋಟರ್ ಸಾವುಗಳಲ್ಲಿ ಮುಳುಗಿ ಸತ್ತವರು ಬಹಳ. ಈಜು ಬಂದರೂ ಕಷ್ಟ. 30 ಕೆಜಿ ಮೋಟಾರ್ ಬೆನ್ನಿಗೆ, ಕಾಲಿಗೆ ಬೆಲ್ಟ್, ಸುತ್ತಲೂ ಲೈನ್. ನಿಮ್ಮನ್ನು ಮುಖ ಕೆಳಗಾಗಿ ತಿರುಗಿಸುವ ಸಾಧ್ಯತೆ ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆ ನಿಮ್ಮ ಸುತ್ತಮುತ್ತಲೇ ಹರಿಯುತ್ತದೆ. ಹರಿವ ನೀರಿಗೆ ರೆಕ್ಕೆ ಬಿದ್ದರೆ ಅದು ನೀರು ತುಂಬಿಕೊಂಡು ನಿಮ್ಮನ್ನೂ ಎಳೆಯುತ್ತದೆ. ಎಂಜಿನ್ ನಿಂತರೂ ಒಣನೆಲಕ್ಕೆ ತಲುಪುವಷ್ಟು ಎತ್ತರ ಇಲ್ಲದೆ ಕಾಲುವೆ, ಹೊಳೆ ದಾಟಬೇಡಿ. ನೀರಿಗೆ ಬಿದ್ದ ಕೂಡಲೇ ತಾನಾಗಿ ಉಬ್ಬುವ ತೇಲುಚೀಲಗಳು ಸಿಗುತ್ತವೆ. ನಿಮ್ಮ ಜಾಗಕ್ಕೆ ಅವು ಬೇಕು.

ಭತ್ತದ ಗದ್ದೆಯೂ ನೀರೇ. ನಾಟಿಯಾದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಇಳಿಯಲು ಒಣ ಜಾಗವೇ ಕಡಿಮೆ. ಮೊದಲ ಬೆಳೆ ಕೊಯ್ದು ಗದ್ದೆಯಲ್ಲಿ ಕೂಳೆ ಉಳಿದಿರುವ ದಿನಗಳು ನಿಮಗೆ ಸರಿ. ಅದೇ ಚಳಿಗಾಲದ ಶುರು, ಗಾಳಿಯೂ ಸೌಮ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಗಾಳಿ ಜೋರು. ಕೊಪ್ಪಳದ ಕುಷ್ಟಗಿ, ಯಲಬುರ್ಗಾ ಕಡೆ ಗಾಳಿಯಂತ್ರ ನೆಟ್ಟಿರುವುದೇ ಆ ಗಾಳಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲೇರಿದ ಮೇಲೆ ನೆಲದಿಂದ ಬಿಸಿಗಾಳಿ ಕಂಬದಂತೆ ಏಳುತ್ತದೆ, ಹೊಲದಲ್ಲಿ ಸುಂಟರಗಾಳಿ ಕುಣಿಯುತ್ತದೆ. ಸಂಜೆ ಗುಡುಗು ಮೋಡ ದೂರದಲ್ಲಿದ್ದರೂ ಅದರ ಮುಂದೆ ಓಡಿಬರುವ ಗಾಳಿ ನಿಮ್ಮನ್ನು ತಲುಪುತ್ತದೆ. ಹೊಸಬರು ಸೂರ್ಯ ಹುಟ್ಟಿದ ಎರಡು ಗಂಟೆಯ ಒಳಗೆ ಹಾರಿ ಇಳಿಯಬೇಕು. ನೆಲದ ಗಾಳಿ ಗಂಟೆಗೆ 12ರಿಂದ 15 ಕಿಲೋಮೀಟರ್ ಮೀರಿದರೆ ರೆಕ್ಕೆ ಚೀಲದಲ್ಲೇ ಇರಲಿ.

ಚಳಿಗಾಲದ ಬೆಳಗ್ಗೆಯಲ್ಲೂ ಒಂದು ಮೋಸ ಇದೆ. ನೆಲದಲ್ಲಿ ಎಲೆ ಅಲುಗುವುದಿಲ್ಲ, ನೂರಿನ್ನೂರು ಮೀಟರ್ ಮೇಲೆ ಮಾತ್ರ ಗಾಳಿ 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿರಬಹುದು. ಸೌಮ್ಯ ರೆಕ್ಕೆಯ ವೇಗವೇ 38-40. ಎದುರುಗಾಳಿಗೆ ಸಿಕ್ಕರೆ ಬಹುತೇಕ ನಿಂತಲ್ಲೇ ನಿಲ್ಲುತ್ತೀರಿ. ಇದಕ್ಕೆ ನಮ್ಮ ಸೀಮೆಯಲ್ಲಿ ಒಳ್ಳೆಯ ಗುರುತು ಚಿಮಣಿ ಹೊಗೆ. ಕುಡುತಿನಿ, ಶಕ್ತಿನಗರದ ವಿದ್ಯುತ್ ಸ್ಥಾವರಗಳ ಹತ್ತಿರ ಇರುವವರಿಗೆ ದೂರದಿಂದಲೇ ಕಾಣುತ್ತದೆ. ನಿಮಗೆ ರೈಸ್‌ಮಿಲ್ ಹೊಗೆ ಇದೆ. ಹೊಗೆ ನೇರ ಎದ್ದು ಮೇಲೆ ಒಮ್ಮೆಲೇ ಬಾಗಿ ಚಪ್ಪಟೆಯಾಗಿ ಓಡಿದರೆ ಆ ದಿನ ಎತ್ತರಕ್ಕೆ ಹೋಗಬೇಡಿ.

ಕರೆಂಟ್ ತಂತಿ ಮೇಲಿನಿಂದ ಕಾಣುವುದಿಲ್ಲ. ಕಂಬ ಹುಡುಕಿ, ಎರಡು ಕಂಬದ ನಡುವೆ ತಂತಿ ಇದೆ ಎಂದೇ ತಿಳಿಯಿರಿ. ಪಂಪ್‌ಸೆಟ್ ಮನೆ ಕಂಡರೆ ಅಲ್ಲಿಗೆ ತಂತಿ ಬಂದೇ ಬಂದಿದೆ. ಕುರಿ ಹಿಂಡಿನ ಮೇಲೆ ತಗ್ಗಿನಲ್ಲಿ ಹಾರಬೇಡಿ. ಸದ್ದಿಗೆ ಬೆದರಿ ಚೆಲ್ಲಾಪಿಲ್ಲಿಯಾದರೆ ಕುರಿಗಾರರಿಗೆ ದಿನವಿಡೀ ತೊಂದರೆ.

ಕಾನೂನು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಏರ್ ಸ್ಪೋರ್ಟ್ಸ್ ನೀತಿ ತಂದಿತು. ಮೋಟಾರ್ ಇರುವ ಪ್ಯಾರಾಗ್ಲೈಡಿಂಗ್ ಅದರಲ್ಲಿ ಸೇರಿದೆ. ಅದರಂತೆ ಏರ್ ಸ್ಪೋರ್ಟ್ಸ್ ಫೆಡರೇಷನ್ ಆಫ್ ಇಂಡಿಯಾ ಮೇಲಿನ ಸಂಸ್ಥೆ, ಪ್ರತಿ ಕ್ರೀಡೆಗೂ ಒಂದು ಸಂಘ, ಹಾರುವವರ ಮತ್ತು ಉಪಕರಣದ ನೋಂದಣಿ ಆ ಸಂಘದಲ್ಲಿ. ಮೋಟಾರ್ ಕೊಳ್ಳುವ ಮುಂಚೆಯೇ ನಿಮ್ಮ ಶಾಲೆಯ ಮೂಲಕ ಇದನ್ನು ಪೂರ್ತಿ ತಿಳಿದುಕೊಳ್ಳಿ. ಪೊಲೀಸ್ ಠಾಣೆ ಮತ್ತು ಜಿಲ್ಲಾಡಳಿತಕ್ಕೆ ಲಿಖಿತವಾಗಿ ತಿಳಿಸಿ ಒಪ್ಪಿಗೆ ಪಡೆಯಿರಿ. ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣ ಇದೆ, ಕೊಪ್ಪಳದ ಗಿಣಿಗೇರಾದಲ್ಲಿ ಏರ್‌ಸ್ಟ್ರಿಪ್ ಇದೆ. ಅವುಗಳ ಹತ್ತಿರ ಬೇಡ. ತುಂಗಭದ್ರಾ ಅಣೆಕಟ್ಟು, ವಿದ್ಯುತ್ ಸ್ಥಾವರ, ಉಕ್ಕಿನ ಕಾರ್ಖಾನೆಗಳ ಮೇಲೂ ಬೇಡ. ಹಂಪಿ, ಆನೆಗುಂದಿ ಮೇಲಿನಿಂದ ನೋಡುವ ಆಸೆ ಎಲ್ಲರಿಗೂ ಇದೆ. ಬಂಡೆ, ಹೊಳೆ, ಜನ, ಸ್ಮಾರಕ ಎಲ್ಲ ಒಟ್ಟಿಗೆ ಇರುವ ಜಾಗ ಅದು, ಕಲಿಯುವವರಿಗಲ್ಲ.

ಇನ್ನು ಮಾವನ ಹೊಲ. ಕಲಿತು ಬಂದ ಮೇಲೆ ಗ್ರೌಂಡ್ ಹ್ಯಾಂಡ್ಲಿಂಗ್ ಅಭ್ಯಾಸಕ್ಕೆ ಖಂಡಿತ ಬಳಸಿ. ಮಸಾರಿ ನೆಲ ಆದರೆ ಒಳ್ಳೆಯದು. ಎರೆ ಹೊಲ ಆದರೆ ಮಳೆಗಾಲದಲ್ಲಿ ಕೆಸರು ಬೂಟಿಗೆ ಹತ್ತಿ ಓಡಲಾಗದು, ಒಣಗಿದ ಮೇಲೆ ಬಿರುಕಲ್ಲಿ ಕಾಲು ಸಿಕ್ಕಿ ಮೂಳೆ ಮುರಿಯುತ್ತದೆ. ಟೇಕಾಫ್‌ಗೆ 200 ಮೀಟರ್ ಉದ್ದದ ತೆರೆದ ಜಾಗ ಬೇಕು, ತುದಿಯಲ್ಲಿ ಮರ, ತಂತಿ ಇರಬಾರದು. ಬದುಗಳ ಲೆಕ್ಕವನ್ನೂ ಹಾಕಿ.

ಆ ಮಾರುವವರಿಗೆ ಈಗ ಹೀಗೆ ಹೇಳಿ: ರೆಕ್ಕೆ ಬೇಡ, ನನಗೆ ಚಿಕ್ಕದು. ಮೋಟಾರ್ ಬೇಕಾದರೆ ನಾನು ಬಂದು ಬಿಚ್ಚಿ ನೋಡುತ್ತೇನೆ, ಓಡಿದ ಗಂಟೆಗಳ ಲೆಕ್ಕ ತೋರಿಸಿ, ಕೋರ್ಸ್ ಮುಗಿಸಿ ಬಂದ ಮೇಲೆ ವ್ಯಾಪಾರ ಮಾಡೋಣ. ಅಷ್ಟರಲ್ಲಿ ಅದು ಬೇರೆಯವರ ಪಾಲಾದರೆ ಆಗಲಿ, ಇನ್ನೊಂದು ಸಿಗುತ್ತದೆ.